ಮಣಿಕಟ್ಟಿನಷ್ಟೇ ಜೋಳ

ನಾನು ಹಿತ್ತಾಳೆಯ ಕೊಡ. ಕಂಚುಗಾರನ ಸುತ್ತಿಗೆಯ ಪೆಟ್ಟು ತಿಂದು ಹೊಟ್ಟೆ ಪಡೆದವ. ಸಂಗವ್ವ ನನ್ನನ್ನು ಕೊಂಡು ತಂದು ಪಡಸಾಲೆಯ ಹಲಗೆಯ ಮೇಲೆ ಉಳಿದ ಕೊಡಗಳ ಸಾಲಿಗೆ ನಿಲ್ಲಿಸಿದಳು. ನಮ್ಮ ಕಡೆ ಮನೆತನ ಅಳೆಯುವುದು ಆ ಸಾಲು ನೋಡಿಯೇ.

ಹಿರಿಯ ಮಗನಿಗೆ ಕನ್ಯೆ ಗೊತ್ತುಮಾಡುವಾಗ ಅವಳು ನನ್ನೊಳಗೆ ಹಳ್ಳದ ಉಸುಕು ತುಂಬಿ, ಮೇಲೆ ಗೇಣುದ್ದ ಜೋಳ ಸುರಿದಳು. ಹೆಣ್ಣಿನ ತಂದೆ ಫಕೀರಪ್ಪ ಬಂದು ಕೈ ಇಳಿಬಿಟ್ಟ. ಬೀಗರ ಕಾಳಿನಲ್ಲಿ ಮಣಿಕಟ್ಟು ದಾಟಿ ಕೈ ಇಳಿಸುವುದು ಮರ್ಯಾದೆಯಲ್ಲ. ಒಂದು ಹಿಡಿ ಜೋಳ ನೋಡಿ ನಕ್ಕ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಉಸುಕು ತುಂಬಿದ್ದೂ ತುಳುಕುವುದಿಲ್ಲ.

ನೀಲವ್ವ ಸೊಸೆಯಾಗಿ ಬಂದಳು. ಒಂಬತ್ತನೆಯ ದಿನ ರೊಟ್ಟಿಗೆ ಜೋಳ ತೆಗೆಯಹೋದವಳ ಉಗುರಿಗೆ ಉಸುಕು ಸಿಕ್ಕಿತು. ಬಹಳ ಹೊತ್ತು ಕೈ ಹೊರತೆಗೆಯಲಿಲ್ಲ.

“ಉಂಡದ್ದನ್ನ ಯಾರೂ ನೋಡಾಂಗಿಲ್ಲ, ಉಟ್ಟದ್ದನ್ನ ನೋಡತಾರ,” ಎಂದಳು ಸಂಗವ್ವ.

ಅಂದಿನಿಂದ ಒಂದು ಹೊತ್ತು ನುಚ್ಚಿನ ಗಂಜಿ. ಸಾರಿಗಿಲ್ಲದ ಹುಣಸೆಹಣ್ಣು ಮಾತ್ರ ವಾರವಾರವೂ ನನ್ನ ಮೈ ತಿಕ್ಕುವುದಕ್ಕೆ.

ಪಂಚಮಿ ಹಬ್ಬಕ್ಕೆ ಮಗಳನ್ನು ತವರಿಗೆ ಕರೆಯಲು ಫಕೀರಪ್ಪ ಬಂದ. ಸುದ್ದಿ ತಿಳಿದು ಸಂಗವ್ವ ಮತ್ತೆ ಮೇಲೆ ಜೋಳ ಹರಡಿದ್ದಳು. ಯಾಕೆ ಬಡಕಲಾದೆ ಎಂದು ಅಪ್ಪ ಕೇಳಿದರೆ, ಬೇಸಿಗೆಯ ಬಿಸಿಲಿಗೆ ಎಂದಳು ನೀಲವ್ವ. ಅವನ ಕಣ್ಣು ನಮ್ಮ ಸಾಲಿನ ಮೇಲೆ. ಸಣ್ಣಾಕಿ ಪಾರವ್ವನನ್ನೂ ಇದೇ ಮನೆಗೆ, ಇವಳ ಮೈದುನನಿಗೆ ಕೊಡಬೇಕೆಂದಿದ್ದೇನೆ ಅಂದ. ಸಂಗವ್ವ ಒಳಗಿನಿಂದಲೇ ಹೂಂಗುಟ್ಟಿದಳು.

ನೀಲವ್ವ ಎದ್ದು, ಏದುತ್ತ ನನ್ನನ್ನು ಇಳಿಸಿ ಅಪ್ಪನ ಮುಂದಿಟ್ಟಳು.

“ಮೊಣಕೈ ಮಟಾ ಕೈ ಹಾಕಪ್ಪಾ.”

“ಬೀಗರ ಮನ್ಯಾಗ ಹಂಗ ಹಾಕಬಾರದವ್ವಾ.”

“ನನ್ನ ಸಲುವಾಗಿ ಹಾಕಲಿಲ್ಲ. ಪಾರೀ ಸಲುವಾಗಿ ಹಾಕು.”

ಹಾಕಿದ. ಮುಷ್ಟಿ ಹೊರಬಂದಾಗ ಉಸುಕೇ ಉಸುಕು. ಅದರಲ್ಲಿ ಸಿಕ್ಕಿದ್ದ ನಾಲ್ಕು ಕಾಳು ಜೋಳವನ್ನು ಫಕೀರಪ್ಪ ಹೆಕ್ಕಿ, ಬೀಗರದೆಂದು ನನ್ನೊಳಗೇ ಹಾಕಿದ.

ಪಾರವ್ವ ಬೇರೆ ಮನೆಗೆ ಹೋದಳು. ನೀಲವ್ವ ಹಬ್ಬ ಮುಗಿಸಿ ತಿರುಗಿ ಬಂದಳು, ಹೊಟ್ಟೆಯಲ್ಲಿ ಕೂಸಿತ್ತು. ಸಂಗವ್ವ ಸಾಯುವ ತನಕ ಅವಳನ್ನು ಮಾತಾಡಿಸಲಿಲ್ಲ.

ಈಗ ನಾನು ಕಪ್ಪಾಗಿದ್ದೇನೆ. ತಳಕ್ಕೆ ಬೆಸುಗೆ ಬಿದ್ದು ಬಚ್ಚಲ ಮೂಲೆಯಲ್ಲಿ ನೀರು ಹಿಡಿದು ಕೂತಿದ್ದೇನೆ. ಜೋಳ ಇದ್ದಷ್ಟು ಪಡಸಾಲೆಯಲ್ಲೇ, ಮುಚ್ಚಳವಿಲ್ಲದ ಮಣ್ಣಿನ ಗಡಿಗೆಯಲ್ಲಿದೆ. ಬಂದವರು ನೋಡಲಿ ಎನ್ನುತ್ತಾಳೆ ಮುದುಕಿ ನೀಲವ್ವ. ನಾನು ಹೊಳೆಯುತ್ತಿದ್ದಾಗ ಈ ಮನೆಯಲ್ಲಿ ಯಾರ ಹೊಟ್ಟೆಯೂ ತುಂಬಿರಲಿಲ್ಲ.

ಫಕೀರಪ್ಪ ಇರುವಷ್ಟು ಕಾಲ ಪಂಚಮಿಗೆ ಬರುತ್ತಿದ್ದ. ಉಣ್ಣುವ ಮೊದಲು ಮಗಳು ನನ್ನೊಳಗಿನ ನೀರು ಕೊಟ್ಟರೆ, ಬಲಗೈಯನ್ನು ಮೊಣಕೈ ತನಕ ತೊಳೆಯುತ್ತಿದ್ದ.