ಲುಂಬಿನಿ ಟೀಚರು ಕಂಡ ಸಮುದ್ರ

ಲುಂಬಿನಿ ಟೀಚರು ತಲೆ ಎತ್ತಿ ನಡೆದದ್ದನ್ನು ಶಹಾಬಾದಿನಲ್ಲಿ ಯಾರೂ ಕಂಡಿಲ್ಲ. ಕತ್ತು ಬಾಗಿಸಿ, ಒಂದು ಹೆಜ್ಜೆ ಇಟ್ಟು, ಕ್ಷಣ ತಡೆದು, ಮುಂದಿನ ಹೆಜ್ಜೆಯನ್ನು ಯಾವುದನ್ನೋ ತುಳಿಯಬಾರದೆಂಬಂತೆ ಪಕ್ಕಕ್ಕಿಡುವ ಅವರ ಗತಿಯನ್ನು ಕಂಡು ಓಣಿಯ ಅತ್ತೆಯರು ಸೊಸೆಯಂದಿರಿಗೆ, "ನೋಡ್ರಿ, ಅಷ್ಟು ಓದಿದಾಕಿ ಹ್ಯಾಂಗ ತಲಿ ತಗ್ಗಿಸಿ ನಡೀತಾಳ" ಎಂದು ಬುದ್ಧಿ ಹೇಳುತ್ತಿದ್ದರು. ವಿನಯದ ಈ ಕೀರ್ತಿ ಪುಕ್ಕಟೆ ಬಂದದ್ದು. ಟೀಚರು ನೋಡುತ್ತಿದ್ದದ್ದು ಕಾಲಡಿಯ ಪರಸಿಯನ್ನು. ಅಂಗಳಕ್ಕೆ, ಗೋಡೆಗೆ, ಬಸ್ ನಿಲ್ದಾಣಕ್ಕೆ, ಕೊನೆಗೆ ಗೋರಿಗೂ ಹಾಸುವ ಈ ಬೂದು ಬಣ್ಣದ ಕಲ್ಲನ್ನು ತುಳಿದೇ ನಾವೆಲ್ಲ ಬೆಳೆದವರು. ಅವರಿಗೆ ಮಾತ್ರ ಅದು ಕೋಟ್ಯಂತರ ವರ್ಷಗಳ ಹಿಂದೆ ಬತ್ತಿಹೋದ ಕಡಲಿನ ತಳ.

ನಾನು ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಅವರು ಭೂಗೋಳ. ವಾಡಿ ಜಂಕ್ಷನ್ನಿನಲ್ಲಿ ದುಡಿದು ಅಕಾಲದಲ್ಲಿ ತೀರಿಕೊಂಡ ಗಂಡನ ರೈಲ್ವೆಯ ನೀಲಿ ಕೋಟನ್ನು ಅವರು ಸೀರೆಯ ಮೇಲೆ ಬೇಸಗೆಯಲ್ಲೂ ತೊಡುತ್ತಿದ್ದರು. ಅಗಲಿದವನ ಸ್ಮರಣೆ ಎಂದುಕೊಂಡು ನಾವು ಕಣ್ಣು ಒದ್ದೆ ಮಾಡಿಕೊಂಡರೆ, "ಇದಕ್ಕ ಕಿಸೆ ಭಾಳ ಅವ್ರಿ" ಎಂದುಬಿಡುವರು. ಆ ಕಿಸೆಗಳು ಕಲ್ಲುಚೂರುಗಳ ಭಾರಕ್ಕೆ ಮೊಣಕಾಲಿನವರೆಗೆ ಜೋತಿದ್ದವು. ಚಿತ್ತಾಪುರದ ಕಡೆಯ ಕಲ್ಲುಗಣಿಗಳಲ್ಲಿ ಮೇ ತಿಂಗಳ ಬಿಸಿಲಿಗೆ ತುಟಿ ಒಣಗಿ ನಿಂತರೂ ಬಾಟಲಿಯ ನೀರನ್ನು ಕುಡಿಯದೆ ಕಲ್ಲಿನ ಮೇಲೆ ಸುರಿಯುವರು. ಒದ್ದೆಯಾದ ಕಲ್ಲಿನಲ್ಲಿ ಮಾತ್ರ ಆ ಕಡಲಿನ ಗೆರೆಗಳು ಎದ್ದು ಕಾಣುತ್ತವಂತೆ.

ಒಮ್ಮೆ ಅವರ ಅಕ್ಕ ಲಾಲಮ್ಮ, ಮಗನಿಗೆ ಹೆಣ್ಣು ನೋಡಲು ಚಂದಾಪುರಕ್ಕೆ ಹೊರಟಾಗ ನಮ್ಮಿಬ್ಬರನ್ನೂ ಕರೆದೊಯ್ದಳು. ಹುಡುಗಿ ಚಹಾದ ತಟ್ಟೆ ಹಿಡಿದು ಬಂದು ನಿಂತಿದ್ದಾಳೆ. ಟೀಚರು ಜಮಖಾನೆಯ ಅಂಚು ಮಡಚಿ ನೆಲದ ಮೇಲೆ ಬೆರಳಾಡಿಸುತ್ತಿದ್ದಾರೆ. ಲಾಲಮ್ಮ ಹಲ್ಲು ಕಚ್ಚಿ, "ಹೆಣ್ಣ ಎದುರಿಗಿ ನಿಂತಾಳ, ನೀ ನೆಲದಾಗ ಏನ್ ಹುಡುಕಲಿಕತ್ತಿ? ನೆಲಾನ ಸೊಸಿ ಮಾಡ್ಕೋಬೇಕೇನು?" ಎಂದಳು.

"ಹುಡುಗಿ ಚೆಂದ ಅದಾಳ ಅಕ್ಕಾ" ಎಂದರು ಟೀಚರು, ಕಣ್ಣೆತ್ತದೆ. "ನೆಲ ಮಾತ್ರ ಇನ್ನೂ ಹಳೇ ಮನೆತನದ್ದು."

ಹೆಣ್ಣಿನ ತಂದೆ ನಕ್ಕದ್ದರಿಂದ ಸಂಬಂಧ ಉಳಿಯಿತು.

ತರಗತಿಯಲ್ಲಿ ಅವರು ಆ ಕಡಲಿನ ಕಥೆ ಹೇಳುವ ಬಗೆಯನ್ನು ನಾನು ಪಕ್ಕದ ಕೋಣೆಯಿಂದ ಕದ್ದು ಕೇಳಿದ್ದೇನೆ. ನಮ್ಮ ಅಜ್ಜಿಯರು ಏಳು ಕಡಲಿನಾಚೆಯ ರಾಜಕುಮಾರಿಯನ್ನು ಕರೆತರುತ್ತಿದ್ದರಲ್ಲ, ಇವರದು ರಾಜಕುಮಾರಿಯೇ ಇಲ್ಲದ ಕಡಲು. "ಮೀನ ಇದ್ದವೇನ್ರಿ ಟೀಚರ?" ಎಂದು ಯಾರಾದರೂ ಕೇಳಿದರೆ, "ಮೀನೂ ಇಲ್ಲ, ಶಂಖಾನೂ ಇಲ್ಲ, ದಂಡಿ ಮ್ಯಾಲ ಒಂದ್ ಹುಲ್ಲಕಡ್ಡಿ ಇಲ್ಲ. ನೀರಿತ್ತು, ಗಾಳಿ ಇತ್ತು. ನೋಡಾವ್ರು ಯಾರೂ ಇದ್ದಿಲ್ಲ" ಎನ್ನುವರು. ಸಂಗಮೇಶ್ವರನೆಂಬ ತುಂಟ ಎದ್ದು, "ಹಾಂಗಾದ್ರ ಸುಳ್ಳಂತ ಹೇಳಾವ್ರೂ ಯಾರಿಲ್ಲ ಬಿಡ್ರಿ" ಎಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಆ ಸಂಗಮೇಶ್ವರ ಬೆಳೆದು, ತಂದೆಯ ಕಲ್ಲುಗಣಿಗೆ ಧಣಿಯಾದ. ಚಿತ್ತಾಪುರದ ದಾರಿಯಲ್ಲಿದ್ದ ಆ ಗಣಿಯ ಒಂದು ಅಂಚಿನಲ್ಲಿ ಕಡಲಿನ ಅಲೆಗಳೇ ಕಲ್ಲಾಗಿ ಉಳಿದಿದ್ದವು: ಏರು, ಇಳಿವು, ಮತ್ತೆ ಏರು, ಅಂಗೈ ಇಟ್ಟರೆ ತುಂಬಿಕೊಳ್ಳುವ ಸಣ್ಣ ತೆರೆಗಳು. ಬೇರೆ ಗಣಿಗಳಲ್ಲಿ ಟೀಚರು ಗುರುತಿಟ್ಟಿದ್ದಂಥವೆಲ್ಲ ಆಗಲೇ ಒಡೆದು ಸಿಮೆಂಟಿನ ಭಟ್ಟಿ ಸೇರಿದ್ದವು. ಉಳಿದದ್ದು ಇದೊಂದೇ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ಕಣ್ಣು ಮುಚ್ಚಿಸಿ, ಒಬ್ಬೊಬ್ಬರ ಕೈಯನ್ನೂ ಹಿಡಿದು ಆ ತೆರೆಗಳ ಮೇಲೆ ಇಡುವರು.

ಗಣಿ ಆ ಅಂಚಿನ ಕಡೆಗೇ ಸರಿಯತೊಡಗಿದಾಗ ಟೀಚರು ಸಂಗಮೇಶ್ವರನ ಮನೆಗೆ ಹೋದರು. ಅವನು ಕಾಲುಮುಟ್ಟಿ ನಮಸ್ಕರಿಸಿ, "ಕುಂದ್ರಿ ಟೀಚರ. ಪೂರಾ ಅಂಚು ಬಿಡಾಕ ಆಗಂಗಿಲ್ರಿ, ಪಾಲುದಾರರು ಕೇಳಂಗಿಲ್ಲ. ಆದ್ರ ಚೆಂದಾಗಿದ್ದದ್ದು ಒಂದು ಕಲ್ಲ ನಿಮ್ಮ ಹೆಸರಿಗಿ ತೆಗೆದಿಡ್ತೀನಿ. ಬಸವಣ್ಣನಾಣಿ" ಎಂದ. ಶಾಲೆಯ ಗೋಡೆಗೆ, ಮಕ್ಕಳ ಕೈ ಎಟಕುವ ಎತ್ತರದಲ್ಲಿ ಅದನ್ನು ಕೂರಿಸಬೇಕೆಂದು ಇಬ್ಬರೂ ಗೊತ್ತುಮಾಡಿಕೊಂಡರು. ಒಂದು ಸಮುದ್ರಕ್ಕೆ ಬದಲಾಗಿ ಒಂದು ಹಾಸುಗಲ್ಲು. ಆದರೂ ಮರಳಿ ಬರುವಾಗ ಟೀಚರು ಸಣ್ಣ ದನಿಯಲ್ಲಿ ಗುನುಗುತ್ತಿದ್ದರು.

ಅವರ ನಿವೃತ್ತಿಯ ದಿನವೇ ಕಲ್ಲಿನ ಅನಾವರಣವೂ ಎಂದಾಯಿತು. ಅಷ್ಟರಲ್ಲಿ ಚಿಂಚೋಳಿಯಲ್ಲಿ ಅಕ್ಕ ಲಾಲಮ್ಮ ಹಾಸಿಗೆ ಹಿಡಿದದ್ದರಿಂದ ಟೀಚರು ಅಲ್ಲೇ ಉಳಿದು, ಸಮಾರಂಭದ ಬೆಳಿಗ್ಗೆಯಷ್ಟೇ ಬಂದರು. ಕಲ್ಲನ್ನು ಕಡಿದದ್ದನ್ನು ಅವರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ನಮ್ಮ ಸೀಮೆಯ ರೀತಿಯೊಂದನ್ನು ಇಲ್ಲಿ ಹೇಳಬೇಕು. ಒರಟು ಪರಸಿ ದನದ ಕೊಟ್ಟಿಗೆಗೆ, ಬಚ್ಚಲಿಗೆ. ಪಡಸಾಲೆಗೆ, ಪೂಜೆಯ ಕೋಣೆಗೆ, ಗೌರವಿಸಬೇಕಾದವರಿಗೆ ಪಾಲಿಶ್ ಪರಸಿ. ಒರಟು ಕಲ್ಲನ್ನು ಹಾಗೇ ಉಡುಗೊರೆ ಕೊಡುವುದೆಂದರೆ ಕೊಟ್ಟವನಿಗೂ ಪಡೆದವನಿಗೂ ಅವಮಾನ.

ಪರದೆ ಸರಿಯಿತು. ಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ನಡುವೆ ಚಿನ್ನದ ಬಣ್ಣದಲ್ಲಿ ಟೀಚರ ಹೆಸರು. ಒಂದು ತೆರೆಯೂ ಉಳಿದಿರಲಿಲ್ಲ.

ಮಕ್ಕಳು ಚಪ್ಪಾಳೆ ತಟ್ಟಿದರು. ಸಂಗಮೇಶ್ವರನ ಕಣ್ಣಲ್ಲಿ ನೀರಿತ್ತು. "ಪಾಲಿಶ್ ಮಿಶನ್ ಮುಂದ ನಾನೇ ನಿಂತು ತಿಕ್ಕಿಸೀನ್ರಿ ಟೀಚರ. ಭಾಳ ಏರಿಳಿತ ಇತ್ತು, ಕಾರಿಗರು ಬ್ಯಾಸತ್ತು ಬಿಟ್ರು. ನಾ ಬಿಡಲಿಲ್ಲ."

ಟೀಚರು ಆ ನುಣುಪಿನ ಮೇಲೆ ಅಂಗೈಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಎಳೆದರು. "ಭಾಳ ತ್ರಾಸ ತಗೊಂಡೀಯಪಾ" ಎಂದರು. ಅಷ್ಟೇ.

ಮನೆಗೆ ಮರಳುವ ದಾರಿಯಲ್ಲಿ ನಾನು, "ಅವನಿಗೆ ಒಂದ್ ಮಾತು ಹೇಳಬೇಕಿತ್ತು" ಎಂದೆ.

"ಏನಂತ ಹೇಳ್ಲಿ? ಮೂರು ವರ್ಷ ಅವನ ಕೈ ಹಿಡಿದು ಆ ಕಲ್ಲಿನ ಮ್ಯಾಲ ಇಟ್ಟೀನಿ. ಅವನಿಗಿ ತಿಳದದ್ದು ಇಷ್ಟಾದ್ರ, ಉಳಿದವ್ರಿಗಿ ಏನ್ ತಿಳದದಂತೀರಿ?"

ಆಮೇಲೆ ಅವರು ಯಾವ ಗಣಿಗೂ ಹೋಗಲಿಲ್ಲ. ಅಲೆಗಳಿದ್ದ ಅಂಚು ಈಗ ಗುಂಡಿ. ಹಸಿರುಗಟ್ಟಿದ ನೀರಿನಲ್ಲಿ ಊರಿನ ಪ್ಲಾಸ್ಟಿಕ್ ತೇಲುತ್ತದೆ. ನಾನು ಮನೆಗೆ ಹೋದಾಗಲೆಲ್ಲ ಟೀಚರು ಚಹಾ ಕೊಟ್ಟು, ಮಳೆಬೆಳೆಯ ಮಾತಾಡಿ ಕಳಿಸುತ್ತಾರೆ. ಕಡಲಿನ ಮಾತು ತೆಗೆದರೆ, "ಬಿಡ್ರಿ" ಎನ್ನುತ್ತಾರೆ.

ಯಾರಿಗೂ ಬೇಕಿಲ್ಲದ ಒಂದನ್ನು ಇಡೀ ಊರಿನ ಪರವಾಗಿ ಪ್ರೀತಿಸುವ ಇಂಥ ಜೀವ ಪ್ರತಿ ಊರಿನಲ್ಲೂ ಒಂದಿರುತ್ತದೆ. ಊರು ಅವರನ್ನು ಹಂಗಿಸುವುದಿಲ್ಲ, ಅಡ್ಡಗಟ್ಟುವುದಿಲ್ಲ. ಮನಸಾರೆ ಮೆಚ್ಚಿ, ಶಾಲು ಹೊದಿಸಿ, ಅವರು ಕಂಡದ್ದನ್ನು ಮಾತ್ರ ಕಾಣದೆ ಉಳಿಯುತ್ತದೆ. ಹಗೆಯ ಎದುರು ಸೋತವರಿಗೆ ಶಪಿಸಲು ಒಂದು ಹೆಸರಾದರೂ ಇರುತ್ತದೆ. ಇವರು ಸೋಲುವುದು ತಮ್ಮನ್ನು ಪ್ರೀತಿಸಿದವರ ಕೈಯಲ್ಲಿ. ಸೋತ ಮೇಲೆ ಕೃತಜ್ಞತೆಯನ್ನೂ ಹೇಳಬೇಕಾಗುತ್ತದೆ.