ದಯವಿಟ್ಟು ತೊಂದರೆ ತೆಗೆದುಕೊಳ್ಳಬೇಡಿ

ಪಂಕಜಾ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮತ್ತೆ ಮಗಳ ನಂಬರ್ ಒತ್ತಿದರು. ಗಂಟೆ ಹೋಗುತ್ತಿತ್ತು, ಎತ್ತುವವರಿರಲಿಲ್ಲ. ಕೆಳಗೆ ಪಾರ್ಕಿಂಗ್ ಲಾಟಿನಲ್ಲಿ ಶವ ಸಾಗಿಸುವ ಕರಿಯ ಗಾಡಿ, ತಮ್ಮದೇ ಹಳೆಯ ಕಾರು, ಮಾರಿಸ್‌ಟೌನಿನ ಬೇಕರಿಯೊಂದರ ಬಿಳಿ ವ್ಯಾನು ನಿಂತಿದ್ದವು. ಉಳಿದಂತೆ ಬರೀ ಹಳದಿ ಗೆರೆಗಳು. ನವೆಂಬರಿನ ಗಾಳಿ ಒಣಗಿದ ಮೇಪಲ್ ಎಲೆಗಳನ್ನು ಆ ಗೆರೆಗಳ ಮೇಲೆ ತಳ್ಳಿಕೊಂಡು ಹೋಗುತ್ತಿತ್ತು.

"ಎತ್ತಲಿಲ್ವಾ?" ಗಂಡ ಕೃಷ್ಣಸ್ವಾಮಿ ಕೇಳಿದರು. ಮಂಡಿ ನೋವಿನಿಂದಾಗಿ ಅವರು ಮೆಟ್ಟಿಲ ಕಂಬಿ ಹಿಡಿದೇ ನಿಂತಿದ್ದರು.

"ಇಲ್ಲ. ಇನ್ನೊಂದು ಸಲ ನೋಡ್ತೀನಿ."

"ಮ್ಯಾಚ್ ಶುರುವಾಗಿರತ್ತೆ. ನೀನು ಫೋನ್ ಮಾಡಿದ್ರೆ ಸೌತ್ ಜೆರ್ಸಿಯಿಂದ ಹಾರಿ ಬಂದ್ಬಿಡ್ತಾರಾ?"

"ನೀವು ಸ್ವಲ್ಪ ಸುಮ್ನಿರಿ."

ಒಳಗೆ ಪೀಠದ ಮುಂದೆ ಪೆಟ್ಟಿಗೆಯಲ್ಲಿ ಮಲಗಿದ್ದವರು ಐವೊ ಸರ್ತೋರಿ. ಪಾರ್ಸಿಪನಿಯಲ್ಲಿ ಇವರ ಪಕ್ಕದ ಮನೆಯವರು. ಊರಿನ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದ ಇಟಲಿಯ ಮುದುಕ. ಪಂಕಜಾರ ಮೊಮ್ಮಗಳು ಹಂಸಿನಿ ಎಂಟು ವರ್ಷದವಳಿದ್ದಾಗಿನಿಂದ ಅವರ ಶಿಷ್ಯೆ. ಮೊದಲ ಬೆಂಚಿನಲ್ಲಿ ಹೆಂಡತಿ ಲಿಲಿಯಾನಾ, ಅವರ ಪಕ್ಕದಲ್ಲಿ ಬೇಕರಿ ನಡೆಸುವ ಸೋದರಸಂಬಂಧಿ ಪಿಯೆರೊ, ಹಿಂದೆ ಪಿಯೆರೊನ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಮನುಷ್ಯ. ಆ ದಂಪತಿಗೆ ಮಕ್ಕಳಿರಲಿಲ್ಲ.

ಪಂಕಜಾ ಒಳಗೆ ಬಂದು ಕೂತಾಗ ಅಂತ್ಯಸಂಸ್ಕಾರದ ಕಂಪನಿಯವನು, ಬಿಳಿ ಕೈಗವಸು ತೊಟ್ಟ ಎತ್ತರದ ಮನುಷ್ಯ, ಲಿಲಿಯಾನಾರ ಮುಂದೆ ಬಗ್ಗಿ ಮೆಲ್ಲಗೆ ಮಾತನಾಡುತ್ತಿದ್ದ. ಪೂಜೆ ಮುಗಿದ ಮೇಲೆ ಪೆಟ್ಟಿಗೆ ಹೊರಲು ಆರು ಜನ ಬೇಕು. ಇಲ್ಲವಾದರೆ ತನ್ನ ಹುಡುಗರಿದ್ದಾರೆ, ಚಕ್ರದ ಗಾಡಿಯೂ ಇದೆ.

"ಬೇಡ," ಎಂದರು ಲಿಲಿಯಾನಾ. "ಇಟಲಿಯಲ್ಲಿ ಮೂರು ಕ್ಲಬ್ಬುಗಳು ಇವನನ್ನು ಕೋಚ್ ಕೆಲಸದಿಂದ ತೆಗೆದುಹಾಕಿದವು. ಪ್ರತಿ ಸಲವೂ ಚೀಲ ಹೆಗಲಿಗೆ ಹಾಕಿಕೊಂಡು ಗೇಟಿನಿಂದ ಒಬ್ಬನೇ ಹೊರಗೆ ಬಂದ. ನಾನು ಕಾರಿನಲ್ಲಿ ಕೂತು ನೋಡುತ್ತಿದ್ದೆ. ಇವತ್ತು ಹಾಗೆ ಹೋಗಬಾರದು. ಸಂಬಳದವರ ಕೈಯಲ್ಲೂ ಹೋಗಬಾರದು. ಅವನ ಹುಡುಗಿಯರು ಹೊರುತ್ತಾರೆ." ಆಮೇಲೆ ಪಂಕಜಾರ ಕಡೆ ತಿರುಗಿದರು. "ದಾರಿಯಲ್ಲಿದ್ದಾರೆ, ಅಲ್ಲವಾ?"

"ಬರ್ತಾರೆ," ಎಂದರು ಪಂಕಜಾ.

*

ಎಂಟು ವರ್ಷದ ಹಂಸಿನಿ ಆಟ ಕಲಿಯಲು ಹೋದ ಮೊದಲ ದಿನ ಮೈದಾನದಲ್ಲಿ ಪಂಕಜಾ ಮಡಿಸುವ ಕುರ್ಚಿ ಹಾಕಿಕೊಂಡು, ಶಾಲಿನ ಮೇಲೆ ಶಾಲು ಹೊದ್ದು, ಗಾಳಿಗೆ ಎದುರಾಗಿ ಕೂತಿದ್ದರು. ಕೋಚ್ ಐವೊ ಬಂದರು. ಒಂದು ಮಾತೂ ಆಡದೆ, ಅವರನ್ನು ಏಳಿಸಿ, ಕುರ್ಚಿಯನ್ನು ಸಾಮಾನಿನ ಕೊಠಡಿಯ ಗೋಡೆಯ ಮರೆಗೆ ಇಟ್ಟು ಹೋದರು. ಮಾರನೆಯ ದಿನ ಆ ಗೋಡೆಯ ಬಳಿ ಒಂದು ಕಂಬಳಿ ಮಡಿಸಿ ಇಟ್ಟಿತ್ತು. ಯಾರದು ಎಂದು ಕೇಳಿದರೆ, ಮೈದಾನದ್ದು ಎಂದರು.

ಹುಡುಗಿಯರು ನೀರು ಕುಡಿಯುವ ಹೊತ್ತಿನಲ್ಲಿ ಅವರು ಆಗಾಗ ಅಲ್ಲಿ ಬಂದು ನಿಲ್ಲುತ್ತಿದ್ದರು. ಇಬ್ಬರ ಇಂಗ್ಲಿಷೂ ಬೇರೆ ಬೇರೆ ಊರಿನದು. ಆದರೂ ಮಾತು ಸಾಗುತ್ತಿತ್ತು. ಪಂಕಜಾರನ್ನು ಅವರು ತಮ್ಮ ಭಾಷೆಯಲ್ಲಿ ಗೌರವದಿಂದ 'ಸಿನ್ಯೋರಾ' ಎನ್ನುತ್ತಿದ್ದರು.

"ಸಿನ್ಯೋರಾ, ಆಟದಲ್ಲಿ ನೀವು ಏನು ನೋಡುತ್ತೀರಿ?"

"ಚೆಂಡನ್ನ. ಇನ್ನೇನು ನೋಡಬೇಕು?"

"ಎಲ್ಲರೂ ಅದನ್ನೇ ನೋಡುತ್ತಾರೆ. ನಾನು ಚೆಂಡು ಇಲ್ಲದ ಕಡೆ ನೋಡಿ ಹೊಟ್ಟೆ ಹೊರೆದವನು."

ಹರೆಯದಲ್ಲಿ ಇಟಲಿಯಲ್ಲಿ ಅವರು ಆಡುತ್ತಿದ್ದುದು ಮೈದಾನದ ನಡುವೆ, ತಮ್ಮ ರಕ್ಷಕರ ಮುಂದೆ. ಗೋಲು ಹೊಡೆಯುವುದು ಅವರ ಕೆಲಸವಲ್ಲ. ತಂಡದವರು ಮುನ್ನುಗ್ಗಿ ಬಿಟ್ಟುಹೋದ ಜಾಗಕ್ಕೆ ಓಡಿ ನಿಲ್ಲುವುದು, ಎದುರಾಳಿಯ ದಾರಿ ಕಟ್ಟುವುದು, ಸಿಕ್ಕ ಚೆಂಡನ್ನು ತನಗಿಂತ ಚೆನ್ನಾಗಿ ಆಡುವವನಿಗೆ ಕೊಟ್ಟುಬಿಡುವುದು. ಬಹುಕಾಲ ಸಣ್ಣ ಊರುಗಳ ತಂಡಗಳಲ್ಲಿ ಆಡಿ, ಒಂದೇ ಒಂದು ವರ್ಷ ದೊಡ್ಡ ಲೀಗಿಗೆ ಏರಿದ್ದರು. ಆ ವರ್ಷ ಇಡೀ ದೇಶ ಹೊತ್ತು ಮೆರೆಸುತ್ತಿದ್ದ ಆಟಗಾರನೊಬ್ಬನ ಬೆನ್ನು ಬಿಡದೆ ಆಡಿ, ಅವನಿಗೆ ಚೆಂಡೇ ಸಿಗದಂತೆ ಮಾಡಿದ್ದರು.

"ಮಾರನೆಯ ದಿನ ಪೇಪರಿನಲ್ಲಿ ಏನು ಬಂತು ಗೊತ್ತಾ? 'ಮಹಾನ್ ಆಟಗಾರನಿಗೆ ನಿನ್ನೆ ಮೈ ಸರಿಯಿರಲಿಲ್ಲ.' ನನ್ನ ಹೆಸರೇ ಇಲ್ಲ." ಅವರು ತುಂಬ ಹೊತ್ತು ನಕ್ಕರು. "ಇಡೀ ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದು."

ಆಟ ಬಿಟ್ಟ ಮೇಲೆ ಕೋಚ್ ಆದರು. ತಂಡ ಸೋತಾಗ ಮೊದಲು ಹೋಗುವುದು ಕೋಚಿನ ತಲೆ. ಕೊನೆಗೆ ಪಿಯೆರೊ ಕರೆದನೆಂದು ಈ ದೇಶಕ್ಕೆ ಬಂದು, ಬೆಳಗಿನ ಜಾವ ಬ್ರೆಡ್ಡಿನ ವ್ಯಾನು ಓಡಿಸಿ, ಸಂಜೆ ಮಕ್ಕಳಿಗೆ ಕಲಿಸಿದರು.

ಹಂಸಿನಿಗೆ ತಮ್ಮದೇ ಜಾಗ ಕೊಟ್ಟ ದಿನ ಅವಳು ಕಾರಿನಲ್ಲಿ ಅತ್ತಿದ್ದಳು. ಅವಳಿಗೆ ಗೋಲು ಹೊಡೆಯಬೇಕಿತ್ತು. ಮರುದಿನ ಪಂಕಜಾ ಕೋಚಿನ ಬಳಿ ಸಂಕೋಚದಿಂದ ಮಾತೆತ್ತಿದರು.

"ಅಳಲಿ, ಸಿನ್ಯೋರಾ. ನಾನೂ ಅತ್ತಿದ್ದೆ," ಎಂದರು ಕೋಚ್.

*

ಪಾದ್ರಿಗಳು ಪೂಜೆ ಶುರುಮಾಡಿ ಎಷ್ಟೋ ಹೊತ್ತಾದ ಮೇಲೆ ಪಂಕಜಾರ ಕೈಚೀಲದಲ್ಲಿ ಫೋನು ಅದುರಿತು. ಅವರು ಎದ್ದು ಬಾಗಿಲಾಚೆ ಬಂದರು.

"ಅಮ್ಮ, ಹಾಫ್ ಟೈಮ್. ಎಷ್ಟೊಂದು ಮಿಸ್ಡ್ ಕಾಲ್ಸ್? ಅಪ್ಪ ಸರಿ ಇದಾರಾ?" ನಂದಿತಾ ಕೇಳಿದಳು.

"ಅಪ್ಪ ಸರಿ ಇದಾರೆ. ಇಲ್ಲಿ ಯಾರೂ ಬಂದಿಲ್ಲ ನಂದಿತಾ."

"ಯಾರು ಬರ್ಬೇಕಿತ್ತು?"

"ಯಾರು ಅಂದ್ರೆ? ನೀವೆಲ್ಲ. ಮ್ಯಾಚ್ ಬಿಟ್ಟು ಬರ್ತೀರಿ ಅಂದ್ಕೊಂಡೆ. ಬೆಳಗ್ಗೆ ಎದ್ದು ನೋಡಿದ್ರೆ ನೀವು ಹೊರಟೇ ಹೋಗಿದ್ರಿ. ಕೊನೇಪಕ್ಷ ಬೇರೆಯವರ ಅಪ್ಪ ಅಮ್ಮಂದಿರಾದ್ರೂ ಬರ್ತಾರೆ ಅಂತ ಕಾದೆ."

"ಅಮ್ಮ, ನೀನೇ ಬರ್ದಿದ್ಯಲ್ಲ, ಬರ್ಬೇಡಿ ಅಂತ."

"ಅದು ಹಾಗೆ ಬರೀತಾರೆ ಕಣೇ. ಮರ್ಯಾದೆಗೆ."

ಆ ಕಡೆ ಯಾರೋ ಸೀಟಿ ಊದುತ್ತಿದ್ದರು.

"ಇಲ್ಲಿಯವರು ಬರ್ದಿದ್ದನ್ನೇ ಓದ್ತಾರಮ್ಮ. ಲೀಗ್‌ನವರು ಪೋಸ್ಟ್‌ಪೋನ್ ಮಾಡ್ತೀವಿ ಅಂತ ಆಫರ್ ಮಾಡಿದ್ರು, ಗೊತ್ತಾ? ನಮ್ಮವರೇ ಬೇಡ ಅಂದ್ರು. ನಿನ್ನ ಮೆಸೇಜ್ ತೋರ್ಸಿ, ಲಿಲಿಯಾನಾಗೆ ಹುಡುಗೀರು ಆಡೋದೇ ಇಷ್ಟ ಅಂದ್ರು. ನಾನೂ ಹಾಗೇ ಅಂದ್ಕೊಂಡೆ."

ಪಂಕಜಾ ಗೋಡೆಗೆ ಒರಗಿದರು. ಫೋನು ಕೈ ಬದಲಾಯಿತು. ಹಂಸಿನಿಯ ಉಸಿರು ಕೇಳಿಸಿತು.

"ಅಜ್ಜಿ? ಕ್ಯಾನ್ ದೇ ವೇಟ್ ಫಾರ್ ಅಸ್?"

"ಆಗಲ್ಲ ಮರಿ. ಇದಾದ ಮೇಲೆ ಚರ್ಚಿನಲ್ಲಿ ಮದುವೆ ಇದೆಯಂತೆ. ಸ್ಮಶಾನದವರೂ ಹೊತ್ತು ಕೊಟ್ಟಿದಾರೆ."

"ವೀ ಥಾಟ್ ಶೀ ಡಿಡಂಟ್ ವಾಂಟ್ ಅಸ್ ದೇರ್."

"ಆಡು ಹೋಗು," ಎಂದರು.

*

ಆ ವಾರದ ಆರಂಭದಲ್ಲಿ ಲಿಲಿಯಾನಾರ ಅಡುಗೆಮನೆಯಲ್ಲಿ ಮೇಜಿನ ಮೇಲೆ ಪಂಕಜಾ ತಂದ ಬಿಸಿ ಅನ್ನ, ಸಾರು ಆರುತ್ತಿದ್ದವು. ಸಾವಿನ ಮನೆಗೆ ಅಕ್ಕಪಕ್ಕದವರು ಅಡುಗೆ ತರುವುದು ತಮ್ಮೂರಲ್ಲೂ ಉಂಟು ಎಂದು ಲಿಲಿಯಾನಾ ಎರಡು ತುತ್ತು ತಿಂದರು. ಆಮೇಲೆ ಫೋನನ್ನು ಪಂಕಜಾರ ಮುಂದೆ ತಳ್ಳಿದರು.

"ನೀನು ಓದಿದವಳು. ತಂಡದವರಿಗೆ ನೀನೇ ಬರೆ. ನನಗೆ ಈ ಭಾಷೆಯಲ್ಲಿ ಅಳುವುದಕ್ಕೆ ಬರುವುದಿಲ್ಲ."

ಪಂಕಜಾ ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರು. ಶ್ರದ್ಧೆಯಿಂದ ಬರೆದರು. ದಿನ, ಹೊತ್ತು, ಚರ್ಚು ಎಲ್ಲ ಬರೆದಾದ ಮೇಲೆ ಅದೇ ದಿನ ಹುಡುಗಿಯರ ಸೆಮಿಫೈನಲ್ ಇದೆ ಎಂದು ನೆನಪಾಯಿತು. ಬನ್ನಿ ಎಂದು ಸಾವಿಗೆ ಯಾರನ್ನಾದರೂ ಕರೆಯುವುದುಂಟೇ? ಸುದ್ದಿ ಕಿವಿಗೆ ಬಿದ್ದರೆ ಸಾಕು, ಜನ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ನಾವು ಬೇಡ ಎನ್ನಬೇಕು, ಅವರು ಬರಬೇಕು. ಅದೇ ಚೆಂದ. ಹಾಗೆಂದುಕೊಂಡೇ ಕೊನೆಯ ಸಾಲು ಸೇರಿಸಿದರು: ಪಂದ್ಯವಿರುವುದರಿಂದ ದಯವಿಟ್ಟು ಬರುವ ತೊಂದರೆ ತೆಗೆದುಕೊಳ್ಳಬೇಡಿ, ನಿಮ್ಮ ಪ್ರಾರ್ಥನೆಯೇ ಸಾಕು.

ಕಳಿಸಿದ ತಕ್ಷಣ ಹೃದಯಗಳೂ ಮುಗಿದ ಕೈಗಳೂ ಸಾಲುಸಾಲಾಗಿ ಬಂದವು. ಎಲ್ಲರೂ ಬರುತ್ತಾರೆ ಎಂದು ಅವರು ಲಿಲಿಯಾನಾರಿಗೆ ಹೇಳಿದರು.

*

ಪೂಜೆ ಮುಗಿಯುತ್ತ ಬಂದಿತ್ತು. ಬಾಗಿಲು ತೆರೆದ ಸದ್ದಾದಾಗ ಲಿಲಿಯಾನಾ ಕತ್ತು ತಿರುಗಿಸಿದರು. ಒಳಬಂದವನು ಪಂಕಜಾರ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ ಅಮರೇಶ್ವರ, ಧಾರವಾಡದ ಹುಡುಗ. ಸತ್ತವರೊಂದಿಗೆ ಅವನು ಹೆಚ್ಚು ಮಾತನಾಡಿದವನೂ ಅಲ್ಲ.

"ನೀನು ಹೇಗೆ ಬಂದ್ಯೋ? ಕೆಲಸ ಇತ್ತಲ್ಲ?" ಪಂಕಜಾ ಪಿಸುಗುಟ್ಟಿದರು.

"ಅಂಕಲ್ ಫೋನ್ ಮಾಡಿದ್ರರಿ, ಮಂದಿ ಇಲ್ಲಾ ಅಂತ. ಹೊರಾಕ ಕರೀಬೇಕೇನ್ರಿ ಆಂಟಿ? ಕೇಳಿದ ಕೂಡ್ಲೆ ಬರೂದಪಾ." ಅವನು ಕೋಟಿನ ತೋಳು ಮೇಲೇರಿಸಿದ. "ಯಾವ ಕಡೆ ಹಿಡೀಲಿ?"

ಮೆಟ್ಟಿಲ ಮೇಲೆ ತಮ್ಮನ್ನು ಹಂಗಿಸುತ್ತಿದ್ದ ಗಂಡ ಸದ್ದಿಲ್ಲದೆ ಇದೊಂದು ಕೆಲಸ ಮಾಡಿದ್ದರು. ಪಂಕಜಾ ಅವರ ಕಡೆ ನೋಡಿದರು. ಕೃಷ್ಣಸ್ವಾಮಿ ಮೇಲಿನ ದೀಪ ನೋಡುತ್ತಿದ್ದರು.

ಪಂಕಜಾ ಮೊದಲ ಬೆಂಚಿಗೆ ಹೋಗಿ ಲಿಲಿಯಾನಾರ ಪಕ್ಕ ಕೂತರು.

"ಹುಡುಗಿಯರು ಬರೋದಿಲ್ಲ. ತಪ್ಪು ಅವರದಲ್ಲ. ನಾನು ಬರಬೇಡಿ ಅಂತ ಬರೆದೆ."

ಲಿಲಿಯಾನಾ ಅವರನ್ನೇ ನೋಡಿದರು. "ನಾನು ಹಾಗೆ ಹೇಳಿದೆನಾ?"

"ಇಲ್ಲ."

"ಮತ್ತೆ ಯಾಕೆ ಬರೆದೆ?"

ಮೈಸೂರಿನ ಮರ್ಯಾದೆಯನ್ನು ಹೆಣದ ಮುಂದೆ ಹೇಗೆ ವಿವರಿಸುವುದು? ಪಂಕಜಾ ತಲೆ ತಗ್ಗಿಸಿದರು. ಪೂಜೆಯ ಕೊನೆಯ ಮಾತು ಮುಗಿದಾಗ ಲಿಲಿಯಾನಾ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಪೆಟ್ಟಿಗೆಯ ಮುಂದಿನ ಹಿಡಿಗೆ ಕೈಹಾಕಿದರು.

ಎದುರಿನ ಹಿಡಿ ಪಿಯೆರೊ ಹಿಡಿದ. ನಡುವೆ ಅಮರೇಶ್ವರ ಮತ್ತು ಒಲೆಯ ಮನುಷ್ಯ. ಹಿಂದೆ ಒಂದು ಬದಿಗೆ ಕೃಷ್ಣಸ್ವಾಮಿ. ಕೈಗವಸಿನವನು ಉಳಿದ ಹಿಡಿಯ ಕಡೆ ಹೆಜ್ಜೆ ಇಟ್ಟ. ಲಿಲಿಯಾನಾ ತಲೆಯಾಡಿಸಿದರು. ಅವನು ಹಿಂದೆ ಸರಿದ.

ಪಂಕಜಾರ ಅಪ್ಪನನ್ನು ಎತ್ತಿಕೊಂಡು ಹೋದಾಗ ಹೆಂಗಸರೆಲ್ಲ ಹೊಸಿಲ ಒಳಗೇ ನಿಂತಿದ್ದರು. ಅಣ್ಣ ಹೋದಾಗಲೂ ಅಷ್ಟೇ. ಚಟ್ಟದ ಬಿದಿರು ಹೇಗಿರುತ್ತದೆಂದು ಅವರ ಕೈಗೆ ಗೊತ್ತಿರಲಿಲ್ಲ.

"ನೀನು ಹೊರ್ತೀಯಾ?" ಎಂದರು ಕೃಷ್ಣಸ್ವಾಮಿ.

"ಜಾಗ ಖಾಲಿ ಇದೆಯಲ್ಲ." ಪಂಕಜಾ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಎತ್ತಿದಾಗ ಭುಜ ಕಿತ್ತುಬಂದಂತಾಯಿತು. ಪೆಟ್ಟಿಗೆ ಅಮರೇಶ್ವರನ ಕಡೆ ಏರಿ, ಮುದುಕರ ಕಡೆ ವಾಲಿತು. "ನಿಧಾನ್ರಿ, ನಿಧಾನ್," ಎನ್ನುತ್ತ ಅವನು ತನ್ನ ತೋಳು ತಗ್ಗಿಸಿದ. ಬಾಗಿಲ ಬಳಿ ಮುಂದಿನಿಂದ ಲಿಲಿಯಾನಾರ ದನಿ ಬಂತು, ಯಾರಿಗೆ ಹೇಳಿದ್ದೋ ತಿಳಿಯದು:

"ನಮ್ಮೂರಲ್ಲಿ ಆಟಗಾರನನ್ನು ಚರ್ಚಿನಿಂದ ಹೊರಗೆ ತಂದಾಗ ಜನ ಚಪ್ಪಾಳೆ ತಟ್ಟುತ್ತಾರೆ. ಬೀದಿ ತುಂಬ."

ಬಂದಿದ್ದವರ ಕೈಗಳೆಲ್ಲ ಹಿಡಿಗಳ ಮೇಲಿದ್ದವು. ಪಾದ್ರಿಗಳು ಒಳಗೇ ಉಳಿದಿದ್ದರು. ಹೊರಗೆ ಅವೇ ಹಳದಿ ಗೆರೆಗಳು, ಅದೇ ಗಾಳಿ. ಪಂಕಜಾ ಕಾಲಿನಿಂದ ಮೆಟ್ಟಿಲು ತಡಕುತ್ತ ಇಳಿದರು. ಪಕ್ಕದಲ್ಲಿ ಗಂಡನ ಮಂಡಿ ಲಟಕ್ಕೆನ್ನುವುದು ಪ್ರತಿ ಮೆಟ್ಟಿಲಿಗೂ ಕೇಳಿಸುತ್ತಿತ್ತು.

ಕರಿಯ ಗಾಡಿಯ ತೆರೆದ ಬಾಗಿಲ ಬಳಿ ಕೈಗವಸಿನವನು ನಿಂತಿದ್ದ. ಅವರು ಕೊನೆಯ ಮೆಟ್ಟಿಲು ಇಳಿಯುವಾಗ ಅವನು ಕೈಗವಸುಗಳನ್ನು ಒಂದೊಂದಾಗಿ ಕಳಚಿ, ಜೇಬಿಗೆ ತುರುಕಿ, ಚಳಿಗೆ ಕೆಂಪಾದ ಬರಿಗೈಗಳಿಂದ ಒಬ್ಬನೇ ಚಪ್ಪಾಳೆ ತಟ್ಟತೊಡಗಿದ.