ಮಂಗಳವಾರದ ಕನ್ನಡಿ

ನಾನು ಒಂದು ಕೈಗನ್ನಡಿ. ಹುಬ್ಬಳ್ಳಿಯ ಗಾಜಿನ ಅಂಗಡಿಯಲ್ಲಿ ಯಾರದೋ ಮದುವೆಯ ಬೀರುವಿಗೆ ಕತ್ತರಿಸಿ ಉಳಿದ ಚೂರಿನಿಂದ ನಾನು ಹುಟ್ಟಿದೆ. ದೊಡ್ಡ ತುಂಡು ಬೀರುವಿನ ಬಾಗಿಲೇರಿ ರೇಷ್ಮೆ ಸೀರೆ ನೋಡುವ ಭಾಗ್ಯ ಪಡೆಯಿತು. ನನ್ನನ್ನು ದುಂಡಗೆ ಕೊಯ್ದು, ಅಂಚು ತಿಕ್ಕಿ, ಮರದ ಚೌಕಟ್ಟಿನಲ್ಲಿ ಕೂರಿಸಿ, ಹಿಡಿಕೆ ಹಚ್ಚಿದರು. ಬೆಟಗೇರಿಯ ಕ್ಷೌರದಂಗಡಿಯವನೊಬ್ಬ ನನ್ನನ್ನು ಕೊಂಡು ಒಯ್ದ. ಅವನು ಕಾಲವಾದ ಮೇಲೆ ಅಂಗಡಿ, ಕತ್ತರಿ, ಕುರ್ಚಿಗಳ ಜೊತೆ ನಾನೂ ಅವನ ಮಗ ಕೊಟ್ರಪ್ಪನ ಪಾಲಿಗೆ ಬಂದೆ.

ನನ್ನ ಕೆಲಸ ಸಣ್ಣದು. ಕಟಿಂಗ್ ಮುಗಿದ ಮೇಲೆ ಕೊಟ್ರಪ್ಪ ನನ್ನನ್ನು ಗಿರಾಕಿಯ ತಲೆಯ ಹಿಂದೆ ಹಿಡಿಯುತ್ತಿದ್ದ. ಎದುರಿನ ಗೋಡೆಗನ್ನಡಿಯಲ್ಲಿ ಗಿರಾಕಿ ತನ್ನ ಹಿಂದಲೆಯನ್ನು ತಾನೇ ನೋಡಿಕೊಳ್ಳಬೇಕು. "ಹ್ಞಾಂ, ಬರೋಬ್ಬರಿ ಆತು" ಎನ್ನುತ್ತಿದ್ದರು ಎಲ್ಲರೂ. ಆದರೆ ಕಣ್ಣು ಗಡಿಯಾರದ ಮೇಲಿರುತ್ತಿತ್ತು, ಇಲ್ಲವೇ ಪಕ್ಕದವನ ಕೈಯಲ್ಲಿದ್ದ ಪೇಪರಿನ ಮೇಲೆ. ಅಷ್ಟು ವರ್ಷಗಳಲ್ಲಿ ನನ್ನೊಳಗೆ ನಿಜವಾಗಿ ನೋಡಿದವರು ಬೆರಳೆಣಿಕೆಯಷ್ಟು. ಮನುಷ್ಯರಿಗೆ ನೋಡುವುದು ಬೇಕಿಲ್ಲ, ನೋಡಿದೆವು ಅನ್ನಿಸಿಕೊಂಡರೆ ಸಾಕು ಎಂದು ಆಗ ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಕೊಟ್ರಪ್ಪನ ಹೆಂಡತಿ ನೀಲವ್ವ. ಓಣಿಯಲ್ಲೆಲ್ಲ ಬರಿಗಾಲಲ್ಲೇ ಓಡಾಡುವವಳು. ಹಿಮ್ಮಡಿಗೆ ಮುಳ್ಳು ಚುಚ್ಚಿದೆ ಎಂದು ದವಾಖಾನೆಗೆ ಹೋದಳು. ಮುಳ್ಳು ತೆಗೆದ ಡಾಕ್ಟರು ಅದರ ಪಕ್ಕದಲ್ಲಿದ್ದ ಕಪ್ಪು ಮಚ್ಚೆ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅದು ಚರ್ಮದ ಕ್ಯಾನ್ಸರ್. ಬೇಗ ಕೈಗೆ ಸಿಕ್ಕಿತ್ತು, ಆಳಕ್ಕೆ ಇಳಿದಿರಲಿಲ್ಲ. ಮಚ್ಚೆಯನ್ನೂ ಸುತ್ತಲಿನ ಚರ್ಮವನ್ನೂ ಕೊಯ್ದು ತೆಗೆದು, ತೊಡೆಯ ಚರ್ಮ ತಂದು ಅಲ್ಲಿ ತೇಪೆ ಹಾಕಿದರು. ಗಾಯವೇನೋ ಮಾಯಿತು, ತೇಪೆಯ ಜಾಗಕ್ಕೆ ಮಾತ್ರ ಸ್ಪರ್ಶವೇ ತಿಳಿಯದಂತಾಯಿತು.

ಮನೆಗೆ ಕಳಿಸುವಾಗ ಅಲ್ಲಿಯ ನರ್ಸು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳಂತೆ.

"ಆಪರೇಷನ್ ಮುಗೀತು ಅಂತ ಮರೀಬ್ಯಾಡ್ರಿ. ತಿಂಗಳಿಗೊಮ್ಮೆ ಬೆಳಕಿನ್ಯಾಗ ಕುಂತು ಅಂಗಾಲು, ಬೆರಳ ಸಂದಿ, ಉಗುರು ಎಲ್ಲಾ ನೋಡ್ಬೇಕು. ತೊಡೆಸಂದ್ಯಾಗ ಗಂಟು ಸಿಗ್ತೈತೇನು ಮುಟ್ಟಿ ನೋಡ್ಬೇಕು. ಹೊಸಾ ಕಪ್ಪು ಕಂಡ್ರ ನಾವು ಕೊಟ್ಟ ತಾರೀಖಿಗೆ ಕಾಯಬ್ಯಾಡ್ರಿ, ಅವತ್ತ ಓಡಿ ಬರ್ರಿ."

"ಕನ್ನಡಿ ಹಿಡಿಯೋದ ನನ್ನ ಕಸಬು ಬಿಡ್ರಿ ಸಿಸ್ಟರ್" ಎಂದು ಬಂದ ಕೊಟ್ರಪ್ಪ, ಅಂಗಡಿಯ ಮೊಳೆಯಿಂದ ನನ್ನನ್ನು ಇಳಿಸಿ ಮನೆಗೆ ತಂದ.

ಮಂಗಳವಾರ ಕ್ಷೌರದಂಗಡಿಗೆ ರಜೆ. ತಿಂಗಳ ಮೊದಲ ಮಂಗಳವಾರ, ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ ನೀಲವ್ವ ಮಣೆಯ ಮೇಲೆ ಕೂತು ಕಾಲು ಚಾಚುತ್ತಿದ್ದಳು. ಕೊಟ್ರಪ್ಪ ಹೆಗಲಿಗೆ ಟವೆಲು ಹಾಕಿಕೊಂಡು, ನನ್ನನ್ನು ಅವಳ ಅಂಗಾಲಿಗೆ ಹಿಡಿದು, ಗಿರಾಕಿಗೆ ಕೇಳಿದ ಹಾಗೆ ಕೇಳುತ್ತಿದ್ದ.

"ಹಿಂದ ಬರೋಬ್ಬರಿ ಆಗೇತೇನ್ರಿ ಬಾಯಾರ?"

"ಒಂಚೂರು ಗಿಡ್ಡ ಮಾಡ್ರಿ" ಎಂದು ಅವಳು ನಗುತ್ತಿದ್ದಳು. ನಕ್ಕರೂ ಕಣ್ಣು ನನ್ನ ಮೇಲೇ ಇರುತ್ತಿತ್ತು. ಬೆರಳ ಸಂದಿ ಬಿಡಿಸಿ, ಉಗುರು ಒತ್ತಿ, ತೇಪೆಯ ಅಂಚನ್ನು ಸುತ್ತುಹಾಕಿ ನೋಡುತ್ತಿದ್ದಳು. ಬದುಕಬೇಕೆಂಬ ಆಸೆ ಇಟ್ಟುಕೊಂಡು ನನ್ನೊಳಗೆ ನೋಡಿದವಳು ಅವಳೊಬ್ಬಳೇ. ನನಗೆ ಹೆಮ್ಮೆಯಾಗಿತ್ತು, ಮುಚ್ಚಿಡುವುದೇಕೆ?

ನೀಲವ್ವನ ಅಕ್ಕ ಫಕೀರವ್ವನ ಮನೆ ಅದೇ ಓಣಿಯಲ್ಲಿತ್ತು. ತಾಯಿ ಸತ್ತ ಮೇಲೆ ತಂಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಪ್ರೀತಿ ಬೆಟ್ಟದಷ್ಟು, ಹಟವೂ ಅಷ್ಟೇ. ಯಾರ ಮಾತೂ ಅವಳ ಕಿವಿಗೆ ಇಳಿದದ್ದಿಲ್ಲ. "ನನ್ನ ತಂಗಿ ಕಾಲು ಎಷ್ಟ್ ಮಂದಿ ಕಣ್ಣಿಗೆ ಬಿತ್ತು! ದೃಷ್ಟಿ ಆಗಲಾರದ ಇರ್ತೈತೇನು?" ಎಂದು ಹರಳೆಣ್ಣೆ ದೀಪಕ್ಕೆ ತಟ್ಟೆ ಬೋರಲು ಹಾಕಿ, ಕೂತ ಮಸಿಗೆ ತುಪ್ಪ ಕಲಸಿ ಕಾಡಿಗೆ ಮಾಡಿದಳು. ಕೂಸಿನ ಅಂಗಾಲಿಗೆ, ಮದುಮಗಳ ಅಂಗಾಲಿಗೆ ಹಚ್ಚುವ ದೃಷ್ಟಿಬೊಟ್ಟನ್ನು ತಂಗಿಯ ಅಂಗಾಲಿಗೂ ಹಚ್ಚತೊಡಗಿದಳು. ಹಚ್ಚಿಸಿಕೊಂಡವರಿಗೆ ಗೊತ್ತಾದರೆ ಬೊಟ್ಟಿನ ಬಲ ಹೋಗುತ್ತದೆ ಎಂಬುದು ಅವಳ ನಂಬಿಕೆ. ಹಾಗಾಗಿ ಅಮಾವಾಸ್ಯೆಯ ಮಧ್ಯಾಹ್ನ ನೀಲವ್ವ ಮಲಗಿದಾಗ ಸದ್ದಿಲ್ಲದೆ ಬಂದು, ತೇಪೆಯ ಅಂಚಿಗೆ ಬೆರಳು ಒತ್ತಿ ಹೋಗುತ್ತಿದ್ದಳು. ಸ್ಪರ್ಶವಿಲ್ಲದ ಜಾಗ, ನೀಲವ್ವನಿಗೆ ತಿಳಿಯುತ್ತಲೇ ಇರಲಿಲ್ಲ. ಮಂಗಳವಾರ ಆ ಬೊಟ್ಟು ನನ್ನಲ್ಲಿ ಕಂಡಾಗ ಗಂಡ ಹೆಂಡತಿ ಮುಸಿಮುಸಿ ನಗುತ್ತಿದ್ದರು.

ತಪಾಸಣೆಗೆಂದು ಹುಬ್ಬಳ್ಳಿಗೆ ಹೋದಾಗ ಆ ನರ್ಸು ನಗಲಿಲ್ಲ. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸುತ್ತ ಸಿಡುಕಿದಳಂತೆ. "ನಾವು ಕಪ್ಪು ಹುಡುಕ್ತೇವಿ, ನೀವು ಕಪ್ಪು ಹಚ್ಕೊಂಡು ಬರ್ತೀರಿ! ಹಿಂಗಾದ್ರ ನೋಡೋದು ಹೆಂಗ್ರಿ?"

ಊರಿಗೆ ಬಂದ ನೀಲವ್ವ ಅಕ್ಕನಿಗೆ ಹೇಳಿದಳು. "ಅಕ್ಕಾ, ಇನ್ನ ಕಾಡಿಗಿ ಬ್ಯಾಡ. ಸಿಸ್ಟರ್ ಬೈದ್ಲು."

"ಆತು ಬಿಡವಾ" ಎಂದಳು ಫಕೀರವ್ವ.

ಅಷ್ಟು ಸಲೀಸಾಗಿ ಒಪ್ಪಿದ್ದನ್ನು ಯಾರು ನಂಬುತ್ತಾರೆ? ಅವಳು ಅತ್ತ ಹೋಗುತ್ತಲೇ ಕೊಟ್ರಪ್ಪ ಹೆಂಡತಿಗೆ ಕಣ್ಣು ಹೊಡೆದ.

ಮುಂದೆ ಕೆಲವು ಮಂಗಳವಾರ ಅಂಗಾಲು ತಿಳಿಯಾಗಿತ್ತು. ಆಮೇಲೆ ಒಂದು ಮಂಗಳವಾರ ತೇಪೆಯ ಅಂಚಿನಲ್ಲಿ, ಬೊಟ್ಟು ಇರುತ್ತಿದ್ದ ಜಾಗದಲ್ಲೇ, ಒಂದು ಕಪ್ಪು ಚುಕ್ಕೆ ನನ್ನೊಳಗೆ ಬಿತ್ತು.

"ನೋಡಿದಿ? ನಿಮ್ಮಕ್ಕ ಬಿಡಾಕಿ ಅಲ್ಲ" ಎಂದ ಕೊಟ್ರಪ್ಪ.

"ಇರ್ಲಿ ಬಿಡ್ರಿ. ಕೇಳಿದ್ರ ನೊಂದ್ಕೋತಾಳ. ಹುಬ್ಬಳ್ಳಿಗೆ ಹೋಗೋ ದಿನ ತೊಳಕೊಂಡು ಹೋದ್ರಾತು."

ಅದು ಕಾಡಿಗೆಯಲ್ಲ! ಕಾಡಿಗೆಗೆ ಬೆರಳಿನ ಗುರುತು ಇರುತ್ತದೆ, ತುಪ್ಪದ ಹೊಳಪು ಇರುತ್ತದೆ. ಇದಕ್ಕೆ ಎರಡೂ ಇರಲಿಲ್ಲ. ಒಂದು ಮಗ್ಗುಲು ಕಂದು, ಇನ್ನೊಂದು ಮಗ್ಗುಲು ಕಡುಗಪ್ಪು, ಅಂಚು ಹರಿದ ಹಾಗೆ ಇತ್ತು. ಇದ್ದದ್ದನ್ನು ಇದ್ದ ಹಾಗೆ ನಾನು ತೋರಿಸುತ್ತಿದ್ದೆ. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲು ಬಾರದ ಜನ್ಮ ನನ್ನದು. ಬಾಯಿಲ್ಲದ ಈ ಬಾಳಿಗೆ ಬೆಂಕಿ ಬೀಳಲಿ ಎಂದು ಅವತ್ತು ಅನ್ನಿಸಿತು.

ಮುಂದಿನ ತಿಂಗಳು ಕೊಟ್ರಪ್ಪ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿದ. ಹೋಗಲಿಲ್ಲ. "ಹಿಮ್ಮಡಿ ಬಿರುಕಿನ್ಯಾಗ ಕುಂತೈತಿ" ಎಂದ. ಹುಬ್ಬಳ್ಳಿಯ ತಾರೀಖು ಬಂತು. ಮದುವೆಗಳ ಕಾಲ, ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. "ಮುಂದಿನ ತಿಂಗಳ ಹೋಗೂಣು. ಮನ್ಯಾಗ ತಪ್ಪದ ನೋಡಾಕತ್ತೇವಲ್ಲ" ಎಂದಳು ನೀಲವ್ವ. ಹುಬ್ಬಳ್ಳಿಗೆ ಹೋಗದಿರಲು ನಾನೇ ಅವರಿಗೆ ನೆಪವಾದೆ. ಮುಂದಿನ ತಿಂಗಳೂ ಹಾಗೆಯೇ ಕಳೆಯಿತು.

ಒಂದು ಮಂಗಳವಾರ ಇಬ್ಬರೂ ಹೊಸ್ತಿಲ ಬಿಸಿಲಲ್ಲಿ ಕೂತಿದ್ದಾಗ ಫಕೀರವ್ವ ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದು ಬಂದಳು. ಕೊಟ್ರಪ್ಪನಿಗೆ ಛೇಡಿಸುವ ಉಮೇದು ಬಂತು.

"ಏನ್ರಿ ಅಕ್ಕಾರ, ಸಿಸ್ಟರ್ ಬೈದ್ರೂ ನಿಮ್ಮ ಕಾಡಿಗಿ ನಿಂದರವಲ್ದು!"

"ಯಾವ ಕಾಡಿಗಿ?"

"ಇದ ನೋಡ್ರಿ."

ಫಕೀರವ್ವ ಬಗ್ಗಿ ನೋಡಿದಳು. "ನಾ ಯಾವಾಗೋ ಬಿಟ್ಟೇನಲ್ಲೋ ತಮ್ಮಾ. ಬ್ಯಾಡಂದ್ಲು ಅಂತ ಅವತ್ತ ಕಾಡಿಗಿ ಡಬ್ಬಿ ಬಚ್ಚಲಕ್ಕ ಒಗದೆ. ಆಮ್ಯಾಗ ಇಕಿ ಕಾಲು ಮುಟ್ಟಿಲ್ಲ."

ನೀಲವ್ವ ನನ್ನನ್ನು ಕೊಟ್ರಪ್ಪನ ಕೈಯಿಂದ ತೆಗೆದುಕೊಂಡು, ಕಾಲನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಆಮೇಲೆ ತೊಡೆಸಂದಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

ಹುಬ್ಬಳ್ಳಿಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕೊಟ್ರಪ್ಪ ಆಮೇಲೆ ಎಷ್ಟೋ ಸಲ ಗೋಡೆಗೆ ಹೇಳಿಕೊಂಡ. ಮತ್ತೆ ಆಪರೇಷನ್ ಆಯಿತು, ಔಷಧ ಆಯಿತು, ಆದರೆ ರೋಗ ಎದೆಗೂಡಿಗೆ ಹಬ್ಬಿತ್ತು. ನೀಲವ್ವ ಹಾಸಿಗೆ ಹಿಡಿದಳು. ಆಗಲೂ ಮೊದಲ ಮಂಗಳವಾರ ಕೊಟ್ರಪ್ಪ ನನ್ನನ್ನು ಹಿಡಿದು ಅವಳ ಕಾಲ ಬಳಿ ಕೂತ.

"ಇನ್ನ ಯಾಕ್ರಿ?" ಎಂದಳು ಅವಳು. "ಮುಖಕ್ಕ ಹಿಡೀರಿ, ಒಮ್ಮೆ ನೋಡ್ಕೋತೀನಿ."

ಅವಳು ನನ್ನಲ್ಲಿ ಮುಖ ನೋಡಿಕೊಂಡದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು. ನಾನು ಏನನ್ನೂ ಕಡಿಮೆ ಮಾಡಿ ತೋರಿಸಲಾರದೆ ಹೋದೆ.

ಅವಳು ಹೋದ ದಿನ ನಾನು ಗೋಡೆಯ ಗೂಡಿನಲ್ಲಿದ್ದೆ. ಹೆಂಗಸರು ಮೀಯಿಸಿ, ಪಾದಗಳಿಗೆ ಅರಿಶಿನ ಹಚ್ಚಲು ಬಂದರು. ಫಕೀರವ್ವ ಯಾರನ್ನೂ ಹತ್ತಿರ ಬಿಡಲಿಲ್ಲ. ತಂಗಿಯ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು, ಸೀಗೆಪುಡಿ ಹಾಕಿ ಹಾಕಿ ಅಂಗಾಲು ತಿಕ್ಕಿದಳು.

"ಬಿಡವಾ, ಸಾಕು" ಎಂದರು ಯಾರೋ.

"ಹೋಗವಲ್ದು" ಎಂದಳು ಫಕೀರವ್ವ. "ಜೀವಮಾನದಾಗ ಒಂದ ಒಂದ್ ಸಲ ಒಬ್ಬರ ಮಾತು ಕೇಳಿದೆ. ನಾ ಮಾತು ಕೇಳೇನಿ ಅಂತ ಯಾರೂ ನಂಬಲಿಲ್ಲಲ್ಲ."

ಈಗ ನನಗೂ ವಯಸ್ಸಾಯಿತು. ಬೆನ್ನಿನ ಲೇಪ ಕಿತ್ತುಹೋಗಿ, ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಮೂಡಿದೆ. ಅಂಗಡಿಗೆ ಹೊಸ ಕನ್ನಡಿ ಬಂದು ನಾನು ಮನೆಯ ಗೂಡಿನಲ್ಲೇ ಉಳಿದೆ. ಮಂಗಳವಾರ ಬಿಸಿಲು ಹೊಸ್ತಿಲು ದಾಟಿದಾಗ ಕೊಟ್ರಪ್ಪ ನನ್ನನ್ನು ಇಳಿಸಿಕೊಂಡು ಆ ಮಣೆಯ ಮುಂದೆ ಕೂರುತ್ತಾನೆ. ಬೆಳಕಿಗೆ ಹಿಡಿದು, ಎಣ್ಣೆ ಸವರಿದ ಹೆಬ್ಬೆರಳಿನಿಂದ ಚುಕ್ಕೆಯನ್ನು ತಿಕ್ಕುತ್ತಾನೆ. ಅದು ಹೋಗುವುದಿಲ್ಲ. ಅಂಚನ್ನು ಉಗುರಿನಿಂದ ಅಳೆಯುತ್ತಾನೆ.

"ಬೆಳದೈತಿ" ಎನ್ನುತ್ತಾನೆ ಖಾಲಿ ಮಣೆಗೆ.

ಹೌದು, ಕೂದಲೆಳೆಯಷ್ಟು ಬೆಳೆದಿದೆ. ಈಗ ಅವನ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ.